ಕಾರವಾರದಿಂದ ನ್ಯೂಸ್‌ಗ್ರೂಪ್ ಸೇವೆ ನಡೆಸುವ ಬಗೆ: ಸರ್ವರ್ ಎಲ್ಲಿಡಬೇಕು, ವೇಗ ಎಲ್ಲಿ ಸೋರುತ್ತದೆ

ವಿಷಯಕ್ಕೊಂದರಂತೆ ಇರುವ ಯೂಸ್‌ನೆಟ್ ಜಾಲದ ಚರ್ಚಾ ಗುಂಪುಗಳನ್ನು, ಅಂದರೆ ನ್ಯೂಸ್‌ಗ್ರೂಪ್‌ಗಳನ್ನು, ಓದಿಸುವ ಸೇವೆ ಆರಂಭಿಸಲು ಹೊರಟವರು ಮೊದಲು ವಿಚಾರಿಸುವುದು ಎಷ್ಟು ಎಂಬಿಪಿಎಸ್‌ನ ಫೈಬರ್ ಪ್ಲಾನ್ ತೆಗೆದುಕೊಳ್ಳಬೇಕು ಎಂದು. ನನ್ನ ಅಭಿಪ್ರಾಯದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಕಾರವಾರ, ಕುಮಟಾ, ಶಿರಸಿ, ಭಟ್ಕಳಗಳಲ್ಲಿ ಕುಳಿತ ಓದುಗರಿಗೆ ನ್ಯೂಸ್‌ಗ್ರೂಪ್ ನಿಧಾನವೆನಿಸುವುದು ಬಹುತೇಕ ಸಂದರ್ಭಗಳಲ್ಲಿ ಲೈನಿನ ಅಗಲ ಸಾಲದ್ದರಿಂದಲ್ಲ. ಅವರ ತಂತ್ರಾಂಶ ಕೇಳುವ ಒಂದೊಂದು ಪ್ರಶ್ನೆಯೂ ಸಾವಿರಾರು ಕಿಲೋಮೀಟರ್ ಆಚೆಯ ಸರ್ವರ್‌ಗೆ ಹೋಗಿ, ಉತ್ತರ ಬಂದ ಮೇಲಷ್ಟೇ ಮುಂದಿನ ಪ್ರಶ್ನೆ ಹೊರಡುವುದರಿಂದ. ಆದ್ದರಿಂದ ಹಣ ಖರ್ಚಾಗಬೇಕಾದದ್ದು ಮೊದಲು ದೂರವನ್ನು ಕಡಿಮೆ ಮಾಡುವುದಕ್ಕೆ, ಆಮೇಲೆ ಪ್ರಶ್ನೆ ಹೋಗಿ ಉತ್ತರ ಬರುವ ಸುತ್ತುಗಳನ್ನು ಕಡಿಮೆ ಮಾಡುವುದಕ್ಕೆ, ಅದೂ ಸಾಲದಿದ್ದರೆ ದೊಡ್ಡ ಪ್ಲಾನಿಗೆ.

ಯಾವ ಸೇವೆ ಕೊಡಬಹುದು, ಯಾವುದು ಬೇಡ

ಯೂಸ್‌ನೆಟ್‌ನ ಕಲ್ಪನೆ 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲಿಸ್ ಅವರಲ್ಲಿ ಹುಟ್ಟಿತು. ಕೇಂದ್ರ ಸರ್ವರ್ ಎಂಬುದೇ ಇಲ್ಲದೆ, ಪ್ರತಿಯೊಂದು ಸರ್ವರ್ ತನಗೆ ಬಂದ ಬರಹವನ್ನು ತನ್ನ ಪೀರ್‌ಗಳಿಗೆ, ಅಂದರೆ ತನ್ನೊಡನೆ ಬರಹ ವಿನಿಮಯಕ್ಕೆ ಒಪ್ಪಿದ ಬೇರೆ ಸರ್ವರ್‌ಗಳಿಗೆ, ದಾಟಿಸುತ್ತ ಹೋಗುವ ಆ ವ್ಯವಸ್ಥೆ ಇಂದಿಗೂ ಹಾಗೆಯೇ ನಡೆದಿದೆ. ಸರ್ವರ್‌ಗಳು ಪರಸ್ಪರ ಮಾತಾಡುವ ಎನ್‌ಎನ್‌ಟಿಪಿ ನಿಯಮಾವಳಿ 1986ರಲ್ಲಿ ಬಂತು ಮತ್ತು 2006ರಲ್ಲಿ ಆರ್‌ಎಫ್‌ಸಿ 3977 ಎಂಬ ಅಂತರ್ಜಾಲ ಮಾನದಂಡದ ಹೆಸರಿನಲ್ಲಿ ಪರಿಷ್ಕರಣೆಗೊಂಡಿತು. ಗೂಗಲ್ ಗ್ರೂಪ್ಸ್ ಮೂಲಕ ಬ್ರೌಸರ್‌ನಲ್ಲೇ ಯೂಸ್‌ನೆಟ್ ಓದುತ್ತಿದ್ದವರಿಗೆ 2024ರ ಫೆಬ್ರವರಿ 22ರಿಂದ ಹೊಸ ಬರಹಗಳು ಸಿಗುವುದು ನಿಂತುಹೋಯಿತು. ಹೊಸದಾಗಿ ಓದಬೇಕೆನ್ನುವವರಿಗೆ ಈಗ ಯಾರಾದರೂ ನಡೆಸುವ ಒಂದು ಸರ್ವರ್ ಬೇಕೇ ಬೇಕು. ಕಾಲೇಜು, ಗ್ರಂಥಾಲಯ ಅಥವಾ ಕಂಪ್ಯೂಟರ್ ಆಸಕ್ತರ ಸಣ್ಣ ಬಳಗವೊಂದಕ್ಕೆ ನಮ್ಮ ಜಿಲ್ಲೆಯಿಂದಲೇ ಅದನ್ನು ಒದಗಿಸುವುದು ಸಾಧ್ಯ.

ಒದಗಿಸಬೇಕಾದದ್ದು ಪಠ್ಯದ ಗುಂಪುಗಳನ್ನು ಮಾತ್ರ. ಕಡತಗಳನ್ನು ಹಂಚುವ ಬೈನರಿ ಗುಂಪುಗಳ ಪೂರ್ಣ ಫೀಡ್, ಅಂದರೆ ಪೀರ್‌ಗಳಿಂದ ಬರುವ ಹರಿವು, ಇಂದು ದಿನಕ್ಕೆ ನೂರಾರು ಟೆರಾಬೈಟ್ ಮುಟ್ಟಿದೆ. 1 ಜಿಬಿಪಿಎಸ್ ಲೈನ್ ಇಪ್ಪತ್ನಾಲ್ಕು ತಾಸೂ ತುಂಬಿ ಹರಿದರೂ ತರಬಲ್ಲದ್ದು ಸುಮಾರು 10.8 ಟೆರಾಬೈಟ್ ಎಂಬ ಲೆಕ್ಕವೊಂದೇ ಸಾಕು, ಸಣ್ಣವರು ಅದರ ಗೊಡವೆಗೆ ಹೋಗಬಾರದೆಂದು ಮನವರಿಕೆಯಾಗಲು. ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ದೊಡ್ಡ ಸಂಸ್ಥೆಗಳು ಅದನ್ನು ಹೊತ್ತಿವೆ, ಉಳಿದವರು ಅವರ ಸೇವೆಯನ್ನೇ ಬೇರೆ ಹೆಸರಿನಲ್ಲಿ ಮಾರುತ್ತಾರೆ. ಇದರ ಜೊತೆಗೆ, ಆ ಗುಂಪುಗಳಲ್ಲಿ ಹರಿದಾಡುವುದರಲ್ಲಿ ಬಹಳಷ್ಟು ಕೃತಿಸ್ವಾಮ್ಯ ಉಲ್ಲಂಘಿಸಿದ ಸಾಮಗ್ರಿ. ಅದನ್ನು ನಮ್ಮ ಡಿಸ್ಕಿನಲ್ಲಿ ಇಟ್ಟುಕೊಂಡು ಹಂಚುವ ಹೊಣೆ ಹೊರಲು ಯಾವ ಕಾರಣವೂ ಇಲ್ಲ. ಪಠ್ಯದ ಫೀಡ್ ಹಾಗಲ್ಲ. ಸಾಧಾರಣ 50 ಗಿಗಾಬೈಟ್ ಡಿಸ್ಕಿನಲ್ಲಿ ವರ್ಷಗಟ್ಟಲೆಯ ಬರಹಗಳನ್ನು ಉಳಿಸಿಕೊಳ್ಳಬಹುದು, 2 ಗಿಗಾಬೈಟ್ ಮೆಮೊರಿ ಇರುವ ಯಂತ್ರ ಹತ್ತಾರು ಓದುಗರನ್ನು ನಿರಾಯಾಸವಾಗಿ ನಿಭಾಯಿಸುತ್ತದೆ.

ವೇಗ ಎಲ್ಲಿ ಸೋರುತ್ತದೆ

ಗಾಜಿನ ಎಳೆಯಲ್ಲಿ ಬೆಳಕು 1,000 ಕಿಲೋಮೀಟರ್ ಸಾಗಲು ಸುಮಾರು 5 ಮಿಲಿಸೆಕೆಂಡ್ ಬೇಕು, ಹೋಗಿ ಬರಲು 10. ಯುರೋಪಿನ ಸರ್ವರ್‌ಗಳಿಗೆ ಕರಾವಳಿಯಿಂದ ಹೋಗಿ ಬರುವ ಸಮಯ, ಅಂದರೆ ಪಿಂಗ್, 150 ಮಿಲಿಸೆಕೆಂಡ್‌ನ ಆಸುಪಾಸಿನಲ್ಲಿರುತ್ತದೆ. ಅಮೆರಿಕಕ್ಕೆ 200 ದಾಟುವುದು ಸಾಮಾನ್ಯ. ಈ ಸಮಯವನ್ನು ಯಾವ ಪ್ಲಾನೂ ಕಡಿಮೆ ಮಾಡುವುದಿಲ್ಲ.

ಪಿಂಗ್ 160 ಮಿಲಿಸೆಕೆಂಡ್ ಎಂದಿಟ್ಟುಕೊಂಡು ಒಂದು ಲೆಕ್ಕ ಮಾಡೋಣ. ಪಠ್ಯದ ಒಂದು ಬರಹ ಸರಾಸರಿ 3 ಕಿಲೋಬೈಟ್ ಇದೆ ಮತ್ತು ಓದುಗರ ತಂತ್ರಾಂಶ ಒಂದು ಬರಹ ಬಂದ ಮೇಲೆ ಇನ್ನೊಂದನ್ನು ಕೇಳುತ್ತದೆ ಎಂದಾದರೆ, ಒಂದು ಸಂಪರ್ಕದಲ್ಲಿ ಸೆಕೆಂಡಿಗೆ ಆರು ಬರಹಗಳಿಗಿಂತ ಹೆಚ್ಚು ಬರುವುದು ಸಾಧ್ಯವೇ ಇಲ್ಲ. ಅಂದರೆ ಸೆಕೆಂಡಿಗೆ ಸುಮಾರು 19 ಕಿಲೋಬೈಟ್. ಮನೆಯ ಲೈನ್ 60 ಎಂಬಿಪಿಎಸ್ ಇದ್ದರೂ ಅಷ್ಟೇ, 300 ಎಂಬಿಪಿಎಸ್ ಇದ್ದರೂ ಅಷ್ಟೇ. ದೇವಿಮನೆ ಘಟ್ಟದಲ್ಲಿ ಲಾರಿ ಎಷ್ಟೇ ದೊಡ್ಡದಿದ್ದರೂ, ಸಲಕ್ಕೆ ಒಂದೇ ಮೂಟೆ ಅಡಿಕೆ ಹೇರಿ ಕುಮಟೆಗೂ ಶಿರಸಿಗೂ ಅಡ್ಡಾಡುತ್ತಿದ್ದರೆ ಸರಕು ಸಾಗುವುದು ಆ ಒಂದು ಮೂಟೆಯ ಲೆಕ್ಕದಲ್ಲೇ. ಅದೇ ಸರ್ವರ್ ಮುಂಬಯಿಯಲ್ಲಿದ್ದು ಪಿಂಗ್ 30 ಮಿಲಿಸೆಕೆಂಡಿಗೆ ಇಳಿದರೆ ಸೆಕೆಂಡಿಗೆ 33 ಬರಹಗಳು ಬರುತ್ತವೆ. ಓದುಗರಿರುವ ಕಟ್ಟಡದಲ್ಲೇ ಒಂದು ಕ್ಯಾಶ್ ಸರ್ವರ್, ಅಂದರೆ ಬರಹಗಳ ಪ್ರತಿಯನ್ನು ಹತ್ತಿರದಲ್ಲೇ ಇಟ್ಟುಕೊಂಡು ಕೊಡುವ ಯಂತ್ರ, ಇದ್ದು ಪಿಂಗ್ 2 ಮಿಲಿಸೆಕೆಂಡ್ ಆದರೆ, ಕಾಯುವುದು ಎಂಬುದು ಅವರ ಅನುಭವಕ್ಕೇ ಬರುವುದಿಲ್ಲ.

ಇನ್ನೂ ದೊಡ್ಡ ಸೋರಿಕೆ ಗುಂಪನ್ನು ಮೊದಲ ಸಲ ತೆರೆಯುವಾಗ ಆಗುತ್ತದೆ. 5,000 ಬರಹಗಳಿರುವ ಗುಂಪಿನ ಶೀರ್ಷಿಕೆಗಳನ್ನು ತಂತ್ರಾಂಶವೊಂದು ಒಂದೊಂದಾಗಿ ಕೇಳಿದರೆ, 160 ಮಿಲಿಸೆಕೆಂಡ್‌ನ ಲೆಕ್ಕದಲ್ಲಿ ಅದಕ್ಕೆ 13 ನಿಮಿಷ ಬೇಕು. ಓವರ್‌ವ್ಯೂ ಆದೇಶದ ಮೂಲಕ ಇಡೀ ಪಟ್ಟಿಯನ್ನು ಒಮ್ಮೆಲೇ ಕೇಳಿದರೆ, ಬರಹಕ್ಕೆ 400 ಬೈಟಿನಂತೆ ಒಟ್ಟು 2 ಮೆಗಾಬೈಟ್ ಆಗುತ್ತದೆ ಮತ್ತು 40 ಎಂಬಿಪಿಎಸ್ ಲೈನಿನಲ್ಲಿ ಅರ್ಧ ಸೆಕೆಂಡಿನಷ್ಟರಲ್ಲಿ ಇಳಿಯುತ್ತದೆ. ಸರ್ವರ್ ಮತ್ತು ಓದುವ ತಂತ್ರಾಂಶ ಎರಡೂ ಆರ್‌ಎಫ್‌ಸಿ 8054ರ ಸಂಕೋಚನವನ್ನು ಬಲ್ಲವಾದರೆ ಆ ಗಾತ್ರವೂ ಬಹಳ ಇಳಿಯುತ್ತದೆ. ಹೀಗಾಗಿ ಚಂದಾದಾರರಿಗೆ ತಂತ್ರಾಂಶ ಸೂಚಿಸುವಾಗ ಓವರ್‌ವ್ಯೂ ಬಳಸುವಂಥದ್ದನ್ನೇ ಸೂಚಿಸಿ. ಥಂಡರ್‌ಬರ್ಡ್, ಪ್ಯಾನ್, ಸ್ಲರ್ನ್ ಮೂರೂ ಈ ಕೆಲಸಕ್ಕೆ ಆಗುತ್ತವೆ.

ಸಂಪರ್ಕ ತೆರೆಯುವುದಕ್ಕೂ ಬೆಲೆಯಿದೆ. ಸಂಪರ್ಕ ಜೋಡಿಸುವ ಟಿಸಿಪಿಗೆ ಒಂದು ಸುತ್ತು, ಅದನ್ನು ಗುಪ್ತವಾಗಿಸುವ ಟಿಎಲ್‌ಎಸ್ 1.3ಕ್ಕೆ ಇನ್ನೊಂದು, ಸರ್ವರ್‌ನ ಸ್ವಾಗತ, ಬಳಕೆದಾರರ ಹೆಸರು, ಗುಪ್ತಪದ ಎಂದು ಸೇರಿಸಿದರೆ ಮೊದಲ ಗುಂಪು ಕಾಣುವ ಮುನ್ನವೇ ನಾಲ್ಕೈದು ಸುತ್ತುಗಳು ಮುಗಿದಿರುತ್ತವೆ. ಆದ್ದರಿಂದ ಸುಮ್ಮನಿರುವ ಸಂಪರ್ಕವನ್ನು ಸರ್ವರ್ ಅವಸರದಲ್ಲಿ ಮುಚ್ಚಬಾರದು.

ಹೆಚ್ಚು ಸಂಪರ್ಕ ತೆರೆದರೆ ಹೆಚ್ಚು ವೇಗ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅದು ಒಂದು ಮಿತಿಯವರೆಗೆ ಮಾತ್ರ ನಿಜ. ಉದಾಹರಣೆಗೆ 700 ಕಿಲೋಬೈಟ್‌ನ ದೊಡ್ಡ ತುಣುಕೊಂದು 60 ಎಂಬಿಪಿಎಸ್ ಲೈನಿನಲ್ಲಿ 0.09 ಸೆಕೆಂಡಿನಲ್ಲಿ ಇಳಿದರೂ, ಕೇಳಿಕೆಯ 0.16 ಸೆಕೆಂಡ್ ಸೇರಿ ಒಟ್ಟು 0.25 ಸೆಕೆಂಡ್ ಹಿಡಿಯುತ್ತದೆ. ಒಂದು ಸಂಪರ್ಕಕ್ಕೆ ದಕ್ಕುವುದು ಸುಮಾರು 22 ಎಂಬಿಪಿಎಸ್. ಮೂರು ಸಂಪರ್ಕಗಳಲ್ಲಿ ಲೈನ್ ತುಂಬುತ್ತದೆ. ನಾಲ್ಕನೆಯದು ಏರಿಳಿತಕ್ಕೆಂದು ಇರಲಿ. ಅದಕ್ಕಿಂತ ಮುಂದೆ ಹತ್ತು, ಇಪ್ಪತ್ತು ಎಂದು ಏರಿಸಿದರೆ ಸಿಗುವ ಲಾಭ ಶೂನ್ಯ, ಸರ್ವರ್‌ಗೆ ಮಾತ್ರ ಹೊರೆ. ಪಠ್ಯದ ಸೇವೆಗೆ ಒಬ್ಬರಿಗೆ ನಾಲ್ಕು ಸಂಪರ್ಕಗಳ ಮಿತಿ ಧಾರಾಳವಾಯಿತು.

ಸರ್ವರ್ ಎಲ್ಲಿರಬೇಕು

ಮನೆಯಲ್ಲೇ ಇಟ್ಟುಕೊಳ್ಳುವ ಆಸೆ ಸಹಜ. ಆದರೆ ಮನೆಯ ಫೈಬರ್ ಲೈನುಗಳಲ್ಲಿ ಐಪಿವಿ4 ವಿಳಾಸವನ್ನು ಹಲವು ಗ್ರಾಹಕರ ನಡುವೆ ಹಂಚಿರುವುದು ಸಾಮಾನ್ಯ, ಹಾಗಿರುವಲ್ಲಿ ಹೊರಗಿನ ಪೀರ್‌ಗಳು ನಮ್ಮ ಬಾಗಿಲನ್ನು ತಟ್ಟಲಾರರು. ಪೀರ್ ಆಗಿ ಒಪ್ಪಿಕೊಳ್ಳುವವರು ಸ್ಥಿರ ವಿಳಾಸವನ್ನೂ ಅದಕ್ಕೆ ಹೊಂದುವ ಹೋಸ್ಟ್ ಹೆಸರನ್ನೂ ಕೇಳುತ್ತಾರೆ. ನಾನು ಸೂಚಿಸುವುದು ಎರಡು ಹಂತದ ವ್ಯವಸ್ಥೆ: ಮುಖ್ಯ ಸರ್ವರ್ ಮುಂಬಯಿಯ ಅಥವಾ ಬೆಂಗಳೂರಿನ ಡೇಟಾ ಸೆಂಟರ್‌ನಲ್ಲಿ ಬಾಡಿಗೆಗೆ ಪಡೆದ ಸಣ್ಣ ವರ್ಚುವಲ್ ಯಂತ್ರದಲ್ಲಿರಲಿ, ಓದುಗರು ಗುಂಪಾಗಿ ಸೇರುವ ಕಡೆ, ಅಂದರೆ ಶಿರಸಿಯ ಕಾಲೇಜಿನ ಲ್ಯಾಬ್‌ನಲ್ಲೋ ಕಾರವಾರದ ಗ್ರಂಥಾಲಯದಲ್ಲೋ, ಒಂದು ಕ್ಯಾಶ್ ಸರ್ವರ್ ಇರಲಿ.

ಎರಡು ನಗರಗಳಲ್ಲಿ ಯಾವುದು ಎಂಬುದನ್ನು ನಕ್ಷೆ ನೋಡಿ ತೀರ್ಮಾನಿಸಬೇಡಿ. ಕಾರವಾರದಿಂದ ಬೆಂಗಳೂರಿಗೆ ಹೊರಟ ಪ್ಯಾಕೆಟ್ ಮುಂಬಯಿಯನ್ನೋ ಚೆನ್ನೈಯನ್ನೋ ಸುತ್ತಿಕೊಂಡು ಹೋಗುವುದುಂಟು, ಮತ್ತು ಇದು ಒಂದು ಐಎಸ್‌ಪಿಯಿಂದ (ಅಂತರ್ಜಾಲ ಸಂಪರ್ಕ ಕೊಡುವ ಕಂಪನಿ) ಇನ್ನೊಂದಕ್ಕೆ ಬೇರೆಯಾಗುತ್ತದೆ. ನಿಮ್ಮ ಓದುಗರು ಹೆಚ್ಚಾಗಿ ಬಳಸುವ ಎರಡು ಐಎಸ್‌ಪಿಗಳ ಲೈನಿನಿಂದ ಎರಡೂ ನಗರಗಳಿಗೆ ಪ್ಯಾಕೆಟ್ ಸಾಗುವ ದಾರಿ ತೋರಿಸುವ ಟ್ರೇಸ್‌ರೂಟ್ ಮಾಡಿ, ರಾತ್ರಿ ಒಂಬತ್ತರ ಹೊತ್ತಿಗೆ ಪಿಂಗ್ ಕಡಿಮೆ ಮತ್ತು ಸ್ಥಿರವಾಗಿರುವ ಕಡೆ ಬಾಡಿಗೆ ಹಿಡಿಯಿರಿ.

ಕ್ಯಾಶ್ ಸರ್ವರ್‌ಗೆ ಲೀಫ್‌ನೋಡ್ ಎಂಬ ಸಣ್ಣ ತಂತ್ರಾಂಶ ಸಾಕು. ಅದು ಓದುಗರು ನಿಜವಾಗಿ ತೆರೆಯುವ ಗುಂಪುಗಳನ್ನಷ್ಟೇ ಮುಖ್ಯ ಸರ್ವರ್‌ನಿಂದ ತರಿಸಿಕೊಂಡು, ಯಾರೂ ಓದದ ಗುಂಪನ್ನು ಕೆಲವು ದಿನಗಳ ನಂತರ ತಾನಾಗಿ ಬಿಟ್ಟುಬಿಡುತ್ತದೆ. ಹಳೆಯ ಲ್ಯಾಪ್‌ಟಾಪ್ ಅಥವಾ ರಾಸ್ಪ್‌ಬೆರಿ ಪೈ ಇದಕ್ಕೆ ಹೊಂದುತ್ತದೆ. ಎರಡು ಸರ್ವರ್‌ಗಳ ನಡುವೆ ವೈರ್‌ಗಾರ್ಡ್ ಎಂಬ ವಿಪಿಎನ್ ಸುರಂಗ ಹಾಕಿದರೆ ಗುಪ್ತತೆಯೂ ಆಯಿತು, ವಿಳಾಸದ ತೊಡಕೂ ತಪ್ಪಿತು.

ಮುಖ್ಯ ಸರ್ವರ್ ಕಟ್ಟುವುದು

ಡೆಬಿಯನ್ ಲಿನಕ್ಸ್ ಹಾಕಿ, ಅದರ ಮೇಲೆ ಐಎನ್‌ಎನ್ ಎಂಬ ನ್ಯೂಸ್ ಸರ್ವರ್ ತಂತ್ರಾಂಶ ಸ್ಥಾಪಿಸಿ. 1990ರ ದಶಕದ ಆರಂಭದಲ್ಲಿ ರಿಚ್ ಸಾಲ್ಜ್ ಬರೆದ ಈ ತಂತ್ರಾಂಶ ಈಗಲೂ ನಿರ್ವಹಣೆಯಲ್ಲಿದೆ, ಮತ್ತು ಅದರ 2.7ನೆಯ ಸರಣಿಯಲ್ಲಿ ಶೀರ್ಷಿಕೆಗಳನ್ನು ಎಸ್‌ಕ್ಯೂಲೈಟ್ ದತ್ತಕೋಶದಲ್ಲಿ ಇಡುವ ಅನುಕೂಲವೂ ಬಂದಿದೆ. ಬರಹಗಳನ್ನು ಡಿಸ್ಕಿನಲ್ಲಿ ಇಡುವ ವಿಧಾನವನ್ನು ಗುಂಪಿಗೆ ತಕ್ಕಂತೆ ಬೇರೆಯಾಗಿಸಬಹುದು. ಹೊರಗಿನಿಂದ ಬರುವ ಗುಂಪುಗಳಿಗೆ ನಾನು ಸಿಎನ್‌ಎಫ್‌ಎಸ್ ಸೂಚಿಸುತ್ತೇನೆ, ಏಕೆಂದರೆ ಅದು ನಿಗದಿತ ಗಾತ್ರದ ಕಡತವನ್ನು ವೃತ್ತಾಕಾರದಲ್ಲಿ ತುಂಬುತ್ತ, ತುದಿ ಮುಟ್ಟಿದಾಗ ಹಳೆಯದರ ಮೇಲೆ ಹೊಸದನ್ನು ಬರೆಯುವುದರಿಂದ ಡಿಸ್ಕ್ ತುಂಬಿ ಸೇವೆ ನಿಲ್ಲುವ ಪ್ರಮೇಯವೇ ಬರುವುದಿಲ್ಲ. ಜಿಲ್ಲೆಯ ಸ್ವಂತ ಗುಂಪುಗಳನ್ನು ತೆರೆಯುವುದಾದರೆ ಅವು ಅಳಿಯಬಾರದು. ಅವಕ್ಕೆ ಬರಹಕ್ಕೊಂದು ಕಡತ ಇಡುವ ಟ್ರ್ಯಾಡ್‌ಸ್ಪೂಲ್ ಇರಲಿ, ಬ್ಯಾಕಪ್ ತೆಗೆಯುವುದು ಸುಲಭವಾಗುತ್ತದೆ.

ಸ್ವಂತ ಗುಂಪುಗಳ ಹೆಸರಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ನಮ್ಮಲ್ಲಿ ಉತ್ತರ ಕನ್ನಡವನ್ನು ‘ಯುಕೆ’ ಎಂದು ಚಿಕ್ಕದಾಗಿ ಕರೆಯುವ ರೂಢಿಯಿದೆ, ಆದರೆ ಆ ಎರಡಕ್ಷರದಿಂದ ಆರಂಭವಾಗುವ ಶ್ರೇಣಿ, ಅಂದರೆ ಒಂದೇ ಮೊದಲ ಹೆಸರಿನ ಗುಂಪುಗಳ ಕುಟುಂಬ, ಯೂಸ್‌ನೆಟ್‌ನಲ್ಲಿ ಬ್ರಿಟನ್ನಿನದು. ಹಾಗೆ ಹೆಸರಿಟ್ಟರೆ ನಮ್ಮ ಬರಹಗಳು ಅವರ ಶ್ರೇಣಿಯೊಳಗೆ ಬೆರೆಯುತ್ತವೆ ಮತ್ತು ಪೀರ್‌ಗಳಿಂದ ದೂರು ಬರುತ್ತದೆ. ಜಿಲ್ಲೆಯ ಪೂರ್ಣ ಹೆಸರನ್ನೇ ಬಳಸಿ.

ಪೀರ್‌ಗಳನ್ನು ಹುಡುಕಲು ‘ನ್ಯೂಸ್.ಅಡ್ಮಿನ್.ಪೀರಿಂಗ್’ ಗುಂಪಿನಲ್ಲಿ ನಿಮ್ಮ ಸರ್ವರ್‌ನ ಹೆಸರು, ವಿಳಾಸ, ಬೇಕಾದ ಶ್ರೇಣಿಗಳು, ದೂರಿನ ಮಿಂಚಂಚೆ ಇವುಗಳೊಂದಿಗೆ ವಿನಂತಿ ಹಾಕಬೇಕು. ಒಬ್ಬರನ್ನೇ ನಂಬಬೇಡಿ. ಬೇರೆ ಬೇರೆ ದೇಶಗಳ ಮೂವರಿದ್ದರೆ ಒಬ್ಬರ ಕಡೆ ಬಿಟ್ಟುಹೋದ ಬರಹ ಇನ್ನೊಬ್ಬರಿಂದ ಬರುತ್ತದೆ, ಎರಡೆರಡು ಸಲ ಬಂದದ್ದನ್ನು ಪ್ರತಿ ಬರಹಕ್ಕಿರುವ ಪ್ರತ್ಯೇಕ ಗುರುತಾದ ಮೆಸೇಜ್ ಐಡಿ ನೋಡಿ ಸರ್ವರ್ ತಾನೇ ನಿರಾಕರಿಸುತ್ತದೆ. ಪೀರ್‌ಗಳೊಂದಿಗಿನ ದೂರ ಓದುಗರ ವೇಗವನ್ನು ತಟ್ಟುವುದಿಲ್ಲ. ಸ್ಟ್ರೀಮಿಂಗ್ ವಿಧಾನದಲ್ಲಿ ಸರ್ವರ್‌ಗಳು ಪ್ರತಿ ಉತ್ತರಕ್ಕೂ ಕಾಯದೆ ಬರಹಗಳನ್ನು ಸಾಲಾಗಿ ಕಳಿಸುತ್ತವೆ. ದೂರದ ಭಾರವನ್ನು ಸರ್ವರ್‌ಗಳ ಮೇಲೆ ಹಾಕಿ ಓದುಗರನ್ನು ಹತ್ತಿರಕ್ಕೆ ತರುವುದು ಸಾಧ್ಯವಾಗುವುದು ಇದರಿಂದಲೇ.

ಓದುಗರಿಗೆ 563ನೆಯ ಪೋರ್ಟಿನಲ್ಲಿ ಟಿಎಲ್‌ಎಸ್ ಸಂಪರ್ಕವನ್ನಷ್ಟೇ ಕೊಡಿ, 119ನೆಯ ಪೋರ್ಟ್ ಪೀರ್‌ಗಳಿಗಿರಲಿ. ಬರೆಯುವ ಅಧಿಕಾರ ಹೆಸರು ನೋಂದಾಯಿಸಿದವರಿಗೆ ಮಾತ್ರ. ಯಾರು ಬೇಕಾದರೂ ಬರೆಯಬಹುದಾದ ಸರ್ವರ್ ಸ್ಪ್ಯಾಮಿನ ಮೂಲವಾಗಿ, ಪೀರ್‌ಗಳು ಒಬ್ಬೊಬ್ಬರಾಗಿ ಸಂಬಂಧ ಕಡಿದುಕೊಳ್ಳುತ್ತಾರೆ. ಒಳಬರುವ ಕಸಕ್ಕೆ ಕ್ಲೀನ್‌ಫೀಡ್ ಜರಡಿ ಹಾಕಿ. ಒಬ್ಬರೇ ಇಡೀ ಸಂಗ್ರಹವನ್ನು ಎಳೆದುಕೊಳ್ಳುತ್ತ ಉಳಿದವರನ್ನು ಕಾಯಿಸದಂತೆ, ಓದುಗರ ಸಂರಚನಾ ಕಡತದಲ್ಲಿ ‘ಮ್ಯಾಕ್ಸ್‌ರೇಟ್’ ಮಿತಿ ಹಾಕಬಹುದು. ಅಲ್ಲಿ ಬರೆಯಬೇಕಾದದ್ದು ಸೆಕೆಂಡಿಗೆ ಬೈಟ್, ಬಿಟ್ ಅಲ್ಲ. 2 ಎಂಬಿಪಿಎಸ್ ಮಿತಿ ಬೇಕೆಂದರೆ 2,50,000 ಎಂದು ಹಾಕಬೇಕು.

ಮಳೆಗಾಲದ ಸಿದ್ಧತೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಕೇಬಲ್ ಹರಿಯುವುದು, ದಿನವಿಡೀ ಕರೆಂಟ್ ಇಲ್ಲದಿರುವುದು ಘಟ್ಟದ ಮೇಲಿನವರಿಗೆ ಹೇಳಬೇಕಾದ ಸಂಗತಿಯಲ್ಲ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತ್ತು. ರಸ್ತೆಯೇ ಇಲ್ಲದಾಗ ಕೇಬಲ್ ದುರಸ್ತಿಯವರು ಬರುವುದಾದರೂ ಹೇಗೆ? ಮುಖ್ಯ ಸರ್ವರ್ ಜಿಲ್ಲೆಯ ಹೊರಗಿರಲಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದು ಎರಡನೆಯ ಕಾರಣ. ಐಎನ್‌ಎನ್ ತನ್ನ ಮೂಲ ಸಂರಚನೆಯಲ್ಲಿ 10 ದಿನಗಳಿಗಿಂತ ಹಳೆಯ ಬರಹವನ್ನು ಸ್ವೀಕರಿಸುವುದಿಲ್ಲ. ಮುಖ್ಯ ಸರ್ವರ್ ಅಷ್ಟು ಕಾಲ ಮಲಗಿದರೆ, ಪೀರ್‌ಗಳು ಬಾಕಿಯನ್ನು ಉಳಿಸಿಟ್ಟಿದ್ದರೂ ಅದು ಒಳಗೆ ಬರಲಾರದು, ಆ ದಿನಗಳ ಬರಹಗಳು ನಿಮ್ಮ ಓದುಗರಿಗೆ ಖಾಯಂ ಆಗಿ ತಪ್ಪಿಹೋಗುತ್ತವೆ. ಸ್ಥಳೀಯ ಕ್ಯಾಶ್ ಸರ್ವರ್ ಮಲಗಿದರೆ ಅಂಥ ನಷ್ಟವಿಲ್ಲ. ಎದ್ದ ಮೇಲೆ ಮುಖ್ಯ ಸರ್ವರ್‌ನಿಂದ ತುಂಬಿಸಿಕೊಳ್ಳುತ್ತದೆ, ಮತ್ತು ಲೈನ್ ಕಡಿದ ದಿನವೂ ಈಗಾಗಲೇ ತಂದಿಟ್ಟುಕೊಂಡ ಬರಹಗಳನ್ನು ಓದಲು ಕೊಡುತ್ತದೆ.

ಕ್ಯಾಶ್ ಸರ್ವರ್ ಇರುವಲ್ಲಿ ಫೈಬರ್ ಪೆಟ್ಟಿಗೆ ಮತ್ತು ರೌಟರ್‌ಗೆ 12 ವೋಲ್ಟ್‌ನ ಸಣ್ಣ ಯುಪಿಎಸ್ ಕೊಡಿ. ಫೈಬರ್ ಎಳೆ ಸಿಡಿಲನ್ನು ಒಳಗೆ ತರುವುದಿಲ್ಲ, ಆದರೆ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಯಲಲ್ಲಿ ಎಳೆದ ತಾಮ್ರದ ಈಥರ್ನೆಟ್ ತಂತಿ ತರುತ್ತದೆ, ಆದ್ದರಿಂದ ಕಟ್ಟಡಗಳ ನಡುವೆಯೂ ಫೈಬರ್ ಹಾಕಿಸಬೇಕು. ಕಡಲಿಗೆ ಹತ್ತಿರವಿರುವ ಕಾರವಾರ, ಗೋಕರ್ಣಗಳಲ್ಲಿ ಉಪ್ಪಿನ ಗಾಳಿಗೆ ಈಥರ್ನೆಟ್ ತುದಿಗಳ ಲೋಹ ಕಿಲುಬು ಹಿಡಿದು, 1 ಜಿಬಿಪಿಎಸ್ ಕೊಂಡಿ ಸದ್ದಿಲ್ಲದೆ 100 ಎಂಬಿಪಿಎಸ್‌ಗೆ ಇಳಿಯುವುದುಂಟು. ವೇಗದ ದೂರು ಬಂದಾಗ ಐಎಸ್‌ಪಿಗೆ ಫೋನ್ ಮಾಡುವ ಮೊದಲು ಆ ತುದಿಗಳನ್ನು ನೋಡಿ. ಎರಡನೆಯ ಲೈನ್ ಪಡೆಯುವವರು ಬೇರೆ ಕಂಪನಿಯದೆಂಬ ಕಾರಣಕ್ಕೆ ನಿಶ್ಚಿಂತರಾಗಬಾರದು. ಎರಡೂ ಕಂಪನಿಗಳ ಕೇಬಲ್ ಒಂದೇ ಕಂಬಗಳ ಸಾಲಿನಲ್ಲಿ ತೂಗುತ್ತಿದ್ದರೆ ಒಂದೇ ಮರ ಎರಡನ್ನೂ ಕೆಡವುತ್ತದೆ. ಫೈಬರ್‌ಗೆ ಜೊತೆಯಾಗಿ ಮೊಬೈಲ್ ಡೇಟಾ ಇಡುವುದು ಮೇಲು, ಪಠ್ಯದ ಫೀಡಿಗೆ ಅದು ಸಾಕಾಗುತ್ತದೆ.

ಕನ್ನಡದ ಬರಹಗಳು

ಯೂನಿಕೋಡ್ ಕನ್ನಡದ ಪ್ರತಿ ಸಂಕೇತ ಯುಟಿಎಫ್-8ರಲ್ಲಿ 3 ಬೈಟ್ ಹಿಡಿಯುತ್ತದೆ. 2,000 ಸಂಕೇತಗಳ ಬರಹ ಬೈಟ್‌ಗಳನ್ನು ಹಾಗೆಯೇ ಕಳಿಸುವ 8 ಬಿಟ್ ವಿಧಾನದಲ್ಲಿ 6,000 ಬೈಟ್ ಆದರೆ, ಅವನ್ನು ಇಂಗ್ಲಿಷ್ ಚಿಹ್ನೆಗಳಾಗಿ ಮಾರ್ಪಡಿಸುವ ಬೇಸ್64ರಲ್ಲಿ 8,000 ಆಗುತ್ತದೆ, ಕೋಟೆಡ್ ಪ್ರಿಂಟಬಲ್ ವಿಧಾನದಲ್ಲಿ 18,000 ದಾಟುತ್ತದೆ. ಎನ್‌ಎನ್‌ಟಿಪಿ 8 ಬಿಟ್ಟನ್ನು ಹಾಗೆಯೇ ಸಾಗಿಸುವುದರಿಂದ ಓದುಗರ ತಂತ್ರಾಂಶದಲ್ಲಿ ಅದನ್ನೇ ಆರಿಸಲು ಹೇಳಿ, ಅಕ್ಷರಸಂಕೇತ ಯುಟಿಎಫ್-8 ಎಂದು ನಮೂದಾಗಿದೆಯೇ ನೋಡಿಕೊಳ್ಳಿ.

ಅಳತೆ, ಪ್ರಕಟಣೆ, ಕಡತಗಳು

ಚಂದಾದಾರರಿಗೆ ‘ಗರಿಷ್ಠ ಇಷ್ಟು ಎಂಬಿಪಿಎಸ್’ ಎಂದು ಜಾಹೀರಾತು ಮಾಡುವುದನ್ನು ನಾನು ಒಪ್ಪುವುದಿಲ್ಲ. ಅವರಿಗೆ ಬೇಕಾದದ್ದು ಗುಂಪು ತೆರೆಯಲು ಎಷ್ಟು ಹೊತ್ತು, ನೂರು ಬರಹ ಇಳಿಯಲು ಎಷ್ಟು ಹೊತ್ತು ಎಂಬ ಎರಡು ಅಂಕಿಗಳು. ಮನೆಗಳಿಗೆ ಬರುವ ಜಿಪಾನ್ ಬಗೆಯ ಫೈಬರ್‌ನಲ್ಲಿ 2.488 ಜಿಬಿಪಿಎಸ್ ಇಳಿಮುಖ ಸಾಮರ್ಥ್ಯವನ್ನು ಒಂದೇ ಎಳೆಗೆ ಸೇರಿದ ಹಲವು ಮನೆಗಳು ಹಂಚಿಕೊಳ್ಳುವುದರಿಂದ ಬೆಳಗಿನ ಅಂಕಿಗೂ ರಾತ್ರಿಯ ಅಂಕಿಗೂ ವ್ಯತ್ಯಾಸವಿರುತ್ತದೆ. ಆದ್ದರಿಂದ ಬೆಳಿಗ್ಗೆ ಆರಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ, ಕರಾವಳಿಯ ಒಂದು ಊರಿನಿಂದ ಮತ್ತು ಘಟ್ಟದ ಮೇಲಿನ ಒಂದು ಊರಿನಿಂದ ಅಳೆದು, ರಾತ್ರಿಯ ಅಂಕಿಯನ್ನೇ ಪ್ರಕಟಿಸಿ. ಅಳೆಯುವಾಗ ರೌಟರ್‌ವರೆಗೆ, ಐಎಸ್‌ಪಿಯ ಮೊದಲ ಹಂತದವರೆಗೆ, ಸರ್ವರ್‌ವರೆಗೆ ಎಂದು ಪಿಂಗ್ ಅನ್ನು ಮೂರು ಭಾಗವಾಗಿ ನೋಡಿದರೆ ತೊಂದರೆ ಯಾವ ಭಾಗದ್ದೆಂದು ತಿಳಿಯುತ್ತದೆ. ಮನೆಯಲ್ಲಿ ಯಾರೋ ಫೋಟೊಗಳನ್ನು ಅಪ್‌ಲೋಡ್ ಮಾಡುವಾಗ ಮಾತ್ರ ಪಿಂಗ್ ನೂರಾರು ಮಿಲಿಸೆಕೆಂಡಿಗೆ ಜಿಗಿಯುತ್ತಿದ್ದರೆ ಅದು ರೌಟರ್‌ನ ಸರತಿಯ ದೋಷ; ಕೇಕ್ ಅಥವಾ ಎಫ್‌ಕ್ಯೂ ಕೋಡೆಲ್ ಎಂಬ ಸರತಿ ನಿರ್ವಹಣೆ ಇರುವ ರೌಟರ್‌ನಿಂದ ಅದು ಸರಿಹೋಗುತ್ತದೆ. ಸರ್ವರ್ ಬದಿಯಲ್ಲಿ ಕಳಿಸುವ ವೇಗವನ್ನು ನಿಯಂತ್ರಿಸುವ ಲಿನಕ್ಸ್‌ನ ಬಿಬಿಆರ್ ಆಯ್ಕೆಯನ್ನು ಹಚ್ಚಿದರೆ, ಮಳೆಯಲ್ಲಿ ಪ್ಯಾಕೆಟ್ ಕಳೆದುಕೊಳ್ಳುವ ಲೈನುಗಳಿಗೂ ವೇಗ ಅಷ್ಟಾಗಿ ಕುಸಿಯುವುದಿಲ್ಲ.

ಸೇವೆ ನಡೆಸುವವರು ಕಾನೂನಿನ ಕಡೆಯ ಕೆಲಸವನ್ನೂ ಮೊದಲ ದಿನದಿಂದಲೇ ಮಾಡಬೇಕು. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತೆಯ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ಲಾಗ್‌ಗಳನ್ನು, ಅಂದರೆ ಸರ್ವರ್‌ನ ಚಟುವಟಿಕೆಯ ದಾಖಲೆಗಳನ್ನು, 180 ದಿನ ಕಾಪಾಡಬೇಕು, ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು, ಗಡಿಯಾರವನ್ನು ಸರ್ಕಾರಿ ಸಂಸ್ಥೆಗಳಾದ ಎನ್‌ಐಸಿ ಅಥವಾ ಎನ್‌ಪಿಎಲ್‌ನ ಸಮಯ ಸರ್ವರ್‌ಗಳಿಗೆ ಹೊಂದಿಸಬೇಕು. ಗಡಿಯಾರ ಸರಿಯಿರುವುದು ನಮಗೂ ಬೇಕಾದದ್ದೇ, ತಪ್ಪು ದಿನಾಂಕದ ಬರಹಗಳನ್ನು ಪೀರ್‌ಗಳು ತಿರಸ್ಕರಿಸುತ್ತಾರೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೆಯ ಕಲಮಿನ ರಕ್ಷಣೆ ಮಧ್ಯವರ್ತಿಗೆ, ಅಂದರೆ ಇತರರ ಬರಹಗಳನ್ನು ಸಾಗಿಸುವ ಸೇವೆಗೆ, ಸಿಗಬೇಕಾದರೆ 2021ರ ನಿಯಮಗಳಂತೆ ಕುಂದುಕೊರತೆ ಅಧಿಕಾರಿಯ ಹೆಸರನ್ನು ಪ್ರಕಟಿಸಿ, ದೂರು ಬಂದ 24 ಗಂಟೆಗಳೊಳಗೆ ಸ್ವೀಕೃತಿ ಕೊಡಬೇಕು. ಐಎನ್‌ಎನ್‌ನ ದೈನಂದಿನ ವರದಿ ಪ್ರತಿ ಬೆಳಿಗ್ಗೆ ನಿರ್ವಾಹಕರ ಮಿಂಚಂಚೆಗೆ ಬರುವಂತೆ ಮಾಡಿಕೊಳ್ಳಿ. ಅದರಲ್ಲಿ ಪ್ರತಿ ಪೀರ್‌ನಿಂದ ಬಂದ, ಒಪ್ಪಿದ, ನಿರಾಕರಿಸಿದ ಬರಹಗಳ ಎಣಿಕೆ ಇರುತ್ತದೆ. ಯಾವುದಾದರೂ ಒಂದು ಪೀರ್‌ನ ಎಣಿಕೆ ಎರಡು ದಿನ ಸತತ ಸೊನ್ನೆಗೆ ಇಳಿದಿದ್ದರೆ ಆ ಸರ್ವರ್‌ನ ನಿರ್ವಾಹಕರಿಗೆ ಅಂದೇ ಪತ್ರ ಬರೆಯಿರಿ, ಹತ್ತು ದಿನಗಳ ಗಡುವು ಅಲ್ಲಿಗೂ ಅನ್ವಯಿಸುತ್ತದೆ.